ನನ್ನ ಬುದ್ಧಿಗೆ ಒಂಬತ್ತು ವರ್ಷ

ನನಗೊಂದು ಚಾಳಿ ಇದೆ. ನಾಲ್ಕು ಜನ ಸೇರಿದಲ್ಲಿ ಯಾರಾದರೂ ಪತ್ರಿಕೆಯ ಪುರವಣಿಯನ್ನೋ ಮೊಬೈಲನ್ನೋ ಮುಂದೆ ಹಿಡಿದು, "ಇದಕ್ಕ ಉತ್ತರ ಹೇಳ್ರಿ ನೋಡೂಣು, ಶಾಣ್ಯಾರಿಗಷ್ಟ ಬರ್ತೈತಂತ" ಎಂದರೆ ಸಾಕು, ನನಗೆ ತಟ್ಟನೆ ಬಾಯಾರಿಕೆಯಾಗುತ್ತದೆ. ಎದ್ದು ನೀರು ಕುಡಿಯಲು ಹೋಗುತ್ತೇನೆ. ಉತ್ತರ ಯಾರಿಗಾದರೂ ಹೊಳೆದು, ಮಾತು ಈರುಳ್ಳಿ ದರಕ್ಕೋ ಯಾರದೋ ಮಗಳ ಮದುವೆಗೋ ಹೊರಳಿತೆಂದು ಖಾತ್ರಿಯಾದ ಮೇಲೆಯೇ ಮರಳಿ ಬರುವುದು.

ಹೋದ ತಿಂಗಳು ನಮ್ಮ ಕಚೇರಿಯಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಪಾಠ ಹೇಳಲು ಬಂದ ಹುಡುಗಿ ಚುರುಕು. ಊಟದ ನಂತರ ಎಲ್ಲರೂ ತೂಕಡಿಸುವುದನ್ನು ಕಂಡು ಒಂದೊಂದು ಹಾಳೆ ಹಂಚಿದಳು. ಮೇಲೆ ದಪ್ಪ ಅಕ್ಷರದಲ್ಲಿ 'ನಿಮ್ಮ ಬುದ್ಧಿಶಕ್ತಿ ಅಳೆದುಕೊಳ್ಳಿ' ಎಂದಿತ್ತು. ಕೆಳಗೆ ಚೌಕ, ಚೌಕದೊಳಗೆ ತ್ರಿಕೋನ, ತ್ರಿಕೋನದ ಹೊಟ್ಟೆಯಲ್ಲೊಂದು ಚುಕ್ಕೆ. "ಬರೀ ತಮಾಷೆಗೆ ಮೇಡಂ" ಎನ್ನುತ್ತ ನನ್ನ ಮುಂದೆಯೂ ಒಂದಿಟ್ಟಳು. ನಾನು ಎದ್ದು ಹೋಗಿ ಹೊರಗಿನ ನೀರಿನ ಡ್ರಮ್ಮಿನ ಹತ್ತಿರ ನಿಂತೆ. ಗ್ಲಾಸಿನ ಮೇಲೆ ಗ್ಲಾಸು ಕುಡಿಯುವುದನ್ನು ನೋಡಿ ನಮ್ಮ ಸಿಪಾಯಿಗೆ ಕನಿಕರ ಬಂತು. "ಮೇಡಮ್ಮಾರ, ಒಮ್ಮೆ ಶುಗರ್ ತಪಾಸ್ ಮಾಡಿಸ್ಕೊಳ್ರಲಾ" ಎಂದ.

ನನ್ನ ಸಕ್ಕರೆ ಸರಿಯಾಗಿಯೇ ಇದೆ. ಸರಿ ಇಲ್ಲದ್ದು ಬೇರೆಯೇ ಒಂದು. ಅದನ್ನು ಅಳೆದು ನೋಡಿ ಎಂಬತ್ತರ ದಶಕದಲ್ಲೇ ಹೇಳಿಬಿಟ್ಟಿದ್ದಾರೆ. ಮತ್ತೊಮ್ಮೆ ಅಳೆಸಿಕೊಳ್ಳುವ ಧೈರ್ಯ ನನಗಿಲ್ಲ.

ಆಗ ನಾವು ತಿರ್ಲಾಪುರದಲ್ಲಿದ್ದೆವು. ಅಪ್ಪ ಅಲ್ಲಿಯ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ನಾವೆಲ್ಲ ಒಂದು ಗೇಣು ಎತ್ತರವಾಗಿ ಶಾಲೆಗೆ ಹೋಗುತ್ತಿದ್ದೆವು. ಚಳಿಗಾಲದಲ್ಲಿ ಅರ್ಧ ಹುಡುಗರು ಹತ್ತಿ ಬಿಡಿಸಲು ಹೋದರೆ, ಉಳಿದರ್ಧದ ಮುಂದೆ ಅಪ್ಪ ಪಾಠ ಹೇಳುತ್ತಿದ್ದ. ಅಪ್ಪನ ಪಾಠದಲ್ಲಿ ಗದ್ದಲವಿರಲಿಲ್ಲ, ಅವಸರವಂತೂ ಇರಲೇ ಇಲ್ಲ. ಹಲಗೆಯ ಮೇಲೆ ಒಂದು ಸಾಲು ಬರೆದು, ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿ, ಒಂದು ಕೊಂಬು ಸೊಟ್ಟಗಾಗಿದ್ದರೆ ಒರೆಸಿ ಮತ್ತೆ ಬರೆಯುತ್ತಿದ್ದ. ನಮ್ಮ ಪಾಟಿಯ ಮೇಲೆ ಬಗ್ಗಿ, "ಸಾವಕಾಶ ಬರಿ. ಯಾರೂ ಬೆನ್ನ ಹತ್ತಿಲ್ಲ" ಎನ್ನುತ್ತಿದ್ದ. ನಾನು ಅವನ ಶಾಲೆಯಲ್ಲೇ ಏಳನೇ ಇಯತ್ತೆಗೆ ಬಂದಿದ್ದೆ. ನನ್ನ ಅಕ್ಷರ ಎಷ್ಟು ದುಂಡಗಿದ್ದವೆಂದರೆ ಊರಿನ ಹೆಂಗಸರು ತವರಿಗೆ ಕಾಗದ ಬರೆಸಲು ನನ್ನನ್ನೇ ಕರೆಯುತ್ತಿದ್ದರು. ಒಂದು ಕಾಗದ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಸಾರು ಅರ್ಧಕ್ಕಿಳಿದಿರುತ್ತಿತ್ತು ಎನ್ನುವುದು ಬೇರೆ ಮಾತು.

ಹೀಗಾಗಿ ನಾನು ಶಾಣ್ಯಾಕಿ ಎನ್ನುವುದರಲ್ಲಿ ನನಗಾಗಲಿ ಊರಿಗಾಗಲಿ ಅನುಮಾನವಿರಲಿಲ್ಲ. ಈ 'ಶಾಣ್ಯಾ' ಎನ್ನುವುದು ನಮ್ಮ ಕಡೆಯ ವಿಚಿತ್ರ ಶಬ್ದ. ಬುದ್ಧಿವಂತನಿಗೂ ಅದೇ, ಬೇರೆಯವರ ತಟ್ಟೆಯ ಚಕ್ಕುಲಿ ಎತ್ತಿಕೊಳ್ಳುವವನಿಗೂ ಅದೇ. "ಭಾಳ ಶಾಣ್ಯಾ ಆಗೀ" ಎಂದು ಯಾರಾದರೂ ಅಂದರೆ ಬೆನ್ನು ತಟ್ಟುತ್ತಾರೋ ಬೆನ್ನಿಗೆ ಗುದ್ದುತ್ತಾರೋ ಎಂದು ಮುಖ ನೋಡಿ ತಿಳಿದುಕೊಳ್ಳಬೇಕು. ಹುಡುಗಿಯರಿಗಂತೂ ಅದು ಹೆಚ್ಚಾಗಿ ಬೈಗುಳವೇ. ಆದರೂ ನಾನು ಅದನ್ನು ಹೊಗಳಿಕೆಯೆಂದೇ ಎಣಿಸಿ, ಎರಡು ಜಡೆ ಮುಂದೆ ಬಿಟ್ಟುಕೊಂಡು ಓಡಾಡಿಕೊಂಡಿದ್ದೆ.

ಅಷ್ಟರಲ್ಲಿ ಬಸು ಕಾಕಾ ಬಂದ.

ಬಸು ಕಾಕಾ ಅಪ್ಪನ ತಮ್ಮ. ನಮ್ಮ ಅಜ್ಜ ತೀರಿಕೊಂಡಾಗ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಕೂಸಂತೆ. ಅಪ್ಪನೇ ಅವನನ್ನು ಬೆಳೆಸಿ, ಅಕ್ಷರ ತಿದ್ದಿಸಿ, ಓದಿಸಿದ. ಆಗ ಅವನು ಧಾರವಾಡದಲ್ಲಿ ಎಂ.ಎಡ್. ಮಾಡುತ್ತಿದ್ದ. ಹಳ್ಳಿಯ ಮಕ್ಕಳ ಬುದ್ಧಿಶಕ್ತಿಯ ಮೇಲೆ ಅವನದೊಂದು ಪ್ರಬಂಧ. ಅದಕ್ಕಾಗಿ ಸಂಜೆಯ ಬಸ್ಸಿಗೆ ಇಳಿದವನ ಬಗಲಲ್ಲಿ ಪ್ರಶ್ನೆಪತ್ರಿಕೆಗಳ ಕಟ್ಟು, ಕೊರಳಲ್ಲಿ ಕಾಲೇಜಿನಿಂದ ಎರವಲು ತಂದ ಸ್ಟಾಪ್‌ವಾಚು. ಗುಂಡಿ ಒತ್ತಿದರೆ ಓಡುವ, ಮತ್ತೆ ಒತ್ತಿದರೆ ನಿಲ್ಲುವ ಗಡಿಯಾರವನ್ನು ನಾವು ಮೊದಲ ಸಲ ನೋಡಿದ್ದು. ಆಯಿ, ಎಂದರೆ ಅಪ್ಪನ ತಾಯಿ, ಅದನ್ನು ಕೈಯಲ್ಲಿ ಹಿಡಿದು, "ವ್ಯಾಳ್ಯಾ ನಿಂದರಸ್ತೈತೇನೋ ಇದು? ಹಂಗಾರ ನನಗೊಂದು ತಂದ ಕೊಡಪಾ" ಎಂದಳು.

ಮರುದಿನ ನಮ್ಮ ಇಯತ್ತೆಗೆ ಕಾಕಾ ಪರೀಕ್ಷೆ ಕೊಟ್ಟ. ಮೊದಲೇ ಹೇಳಿದ: "ಇದು ಪರೀಕ್ಷಾ ಅಲ್ಲ. ಇದರಾಗ ಪಾಸು ನಪಾಸು ಇಲ್ಲ. ಯಾರೂ ಅಂಜಬ್ಯಾಡ್ರಿ." ಅಲ್ಲಿಯವರೆಗೆ ಯಾರೂ ಅಂಜಿರಲಿಲ್ಲ, ಆ ಮಾತು ಕೇಳಿ ಎಲ್ಲರೂ ಅಂಜಿದೆವು.

ನಾನು ಹಾಳೆ ತೆಗೆದುಕೊಂಡು ಮೊದಲು ಪಟ್ಟಿಯಿಟ್ಟು ಅಂಚಿನ ಗೆರೆ ಎಳೆದೆ. ಮೇಲೆ ನಡುವೆ 'ಶ್ರೀ' ಬರೆದೆ. ಆಮೇಲೆ ಪ್ರಶ್ನೆಗೆ ಬಂದೆ. 'ಗುಂಪಿಗೆ ಸೇರದ ಶಬ್ದವನ್ನು ಗುರುತಿಸಿರಿ: ಎತ್ತು, ಆಕಳು, ಟ್ರ್ಯಾಕ್ಟರ್, ಕೋಣ.' ಎತ್ತು, ಕೋಣ, ಟ್ರ್ಯಾಕ್ಟರ್ ಮೂರೂ ಹೊಲದಲ್ಲಿ ದುಡಿಯುವಂಥವು, ಆಕಳು ಮನೆಯಲ್ಲಿರುವಂಥದು. ಆಕಳಿಗೆ ಗುಂಡಗೆ ಒಂದು ಸುತ್ತು ಹಾಕಿದೆ. ಮುಂದಿನದು, 'ಸುರೇಶನು ರಮೇಶನಿಗಿಂತ ಎತ್ತರ, ರಮೇಶನು ಗಣೇಶನಿಗಿಂತ ಎತ್ತರ, ಹಾಗಾದರೆ ಎಲ್ಲರಿಗಿಂತ ಗಿಡ್ಡ ಯಾರು?' ನಮ್ಮ ಇಯತ್ತೆಯಲ್ಲಿ ಒಬ್ಬ ಸುರೇಶ ಇದ್ದ. ಅವನಿಗಿಂತ ಗಿಡ್ಡರು ಇಡೀ ಶಾಲೆಯಲ್ಲಿ ಯಾರೂ ಇರಲಿಲ್ಲ. ಕಾಕಾ ಊರಿಗೆ ಹೊಸಬ, ಪಾಪ, ಅವನಿಗೆ ತಪ್ಪು ಮಾಹಿತಿ ಹೋಗಿರಬೇಕು ಎಂದು ಬಹಳ ಹೊತ್ತು ಯೋಚಿಸಿದೆ. ಸುರೇಶನನ್ನು ತಿರುಗಿ ನೋಡಿದೆ. ಅವನೂ ಅದೇ ಪ್ರಶ್ನೆಯ ಮೇಲೆ ಬಂದು ಕಣ್ಣಲ್ಲಿ ನೀರು ತಂದುಕೊಂಡಿದ್ದ. ಚೌಕ ತ್ರಿಕೋನಗಳ ಪುಟಕ್ಕೆ ಬಂದಾಗ ಒಂದು ಗೆರೆ ಮಸುಕಾಗಿ ಮುದ್ರಣವಾಗಿತ್ತು. ಅದನ್ನು ಪಟ್ಟಿಯಿಂದ ತಿದ್ದಿ ದಪ್ಪ ಮಾಡುತ್ತಿದ್ದಾಗ ಕಾಕಾ ಗುಂಡಿ ಒತ್ತಿ, "ಪೆನ್ನ ಇಡ್ರಿ" ಎಂದ.

ಅರ್ಧ ಹಾಳೆ ಉಳಿದಿತ್ತು. ನನಗೇನೂ ಅನಿಸಲಿಲ್ಲ. ಬರೆದಷ್ಟು ಚೆಂದಾಗಿ ಬರೆದಿದ್ದೆ.

ದೀಪ ಹಚ್ಚುವ ಹೊತ್ತಿಗೆ ಕಾಕಾ ಪಡಸಾಲೆಯಲ್ಲಿ ಕುಳಿತು ಹಾಳೆಗಳಿಗೆ ಅಂಕ ಹಾಕುತ್ತಿದ್ದ. ಓಣಿಯ ಇಬ್ಬರು ಹೆಂಗಸರು ಆಯಿಯ ಜೊತೆ ಕುಳಿತು ಹತ್ತಿಯಿಂದ ಬತ್ತಿ ಹೊಸೆಯುತ್ತಿದ್ದರು. ಆಯಿಗೆ ತಡೆಯಲಿಲ್ಲ.

"ಬಸ್ಯಾ, ನಮ್ಮ ಶಾಂತಾಂದು ಎಷ್ಟ ಬಂತೋ?"

"ಅದನ್ನ ಹೇಳಬಾರದ ಆಯಿ. ಗುಪ್ತ ಇಡಬೇಕು."

"ಮನಿ ಹುಡುಗಿಂದು ಮನ್ಯಾಗ ಏನೋ ಗುಪ್ತ? ಹೇಳ ಅಂದ್ರ ಹೇಳು."

ಕಾಕಾ ನನ್ನ ಹಾಳೆಯನ್ನು ಎರಡು ಸಲ ತಿರುವಿ ಹಾಕಿದ. ಕೋಷ್ಟಕ ನೋಡಿದ. ಕೊನೆಗೆ ಮೆಲ್ಲಗೆ, "ಮಾನಸಿಕ ವಯಸ್ಸು ಒಂಬತ್ತು ಬಂದೈತಿ" ಎಂದ.

ಅದೆಂದರೆ ಏನು ಎಂದು ಆಯಿ ಕೇಳಿದಳು. ಶರೀರಕ್ಕೊಂದು ವಯಸ್ಸು, ಬುದ್ಧಿಗೊಂದು ವಯಸ್ಸು ಇರುತ್ತದೆಂದೂ, ನನ್ನ ಶರೀರಕ್ಕೆ ಹನ್ನೆರಡು ತುಂಬಿದ್ದರೂ ಬುದ್ಧಿಗೆ ಇನ್ನೂ ಒಂಬತ್ತೇ ಆಗಿದೆಯೆಂದೂ ಕಾಕಾ ತಿಳಿಸಿ ಹೇಳಿದ. ಆಯಿ ಬತ್ತಿ ಹೊಸೆಯುವುದನ್ನು ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಾರ ಮೂರು ವರ್ಷ ಎಲ್ಲಿ ಹೋದ್ವೋ? ನಾ ದಿನಾ ಹಾಲು ಕುಡಿಸೇನಿ!" ಎಂದಳು. ಬತ್ತಿ ಹೊಸೆಯುತ್ತಿದ್ದವರು ನಗು ತಡೆದುಕೊಂಡು ಎದ್ದು ಹೋದರು. ಅವರು ತಡೆದುಕೊಂಡದ್ದು ನಮ್ಮ ಹೊಸ್ತಿಲವರೆಗೆ ಮಾತ್ರ.

ಮರುದಿನ ಕೆರೆಯಿಂದ ನೀರು ತರಲು ಕೊಡ ಹಿಡಿದು ಹೋದರೆ, ದಂಡೆಯ ಮೇಲೆ ಮಾತು ನಿಂತಿತು. ಯಾರೋ ಒಬ್ಬಾಕೆ ಅಕ್ಕರೆಯಿಂದ, "ತಂಗಿ, ನಿಮ್ಮ ಮನಿ ದಾರಿ ಗೊತ್ತೈತಿಲ್ಲ?" ಎಂದು ಕೇಳಿದಳು. ಶಾಲೆಯಲ್ಲಿ ನನ್ನ ಹೆಸರು ಶಾಂತಾ ಹೋಗಿ 'ಒಂಬತ್ತು' ಆಯಿತು. ಹಾಜರಿ ಕೂಗುವಾಗ ಹಿಂದಿನಿಂದ ಯಾರೋ ಒಂಬತ್ತು ಎನ್ನುತ್ತಿದ್ದರು. ಒಂಬತ್ತರ ಮಗ್ಗಿ ಹೇಳುವಾಗ ಇಡೀ ಇಯತ್ತೆ ನನ್ನ ಕಡೆ ತಿರುಗುತ್ತಿತ್ತು. ಆಯಿ ಬಜೆಯ ಬೇರು ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚತೊಡಗಿದಳು. ಹಸುಗೂಸುಗಳಿಗೆ ಹಚ್ಚುವ ಔಷಧ ಅದು. ಕಹಿಗೆ ಮುಖ ಕಿವುಚಿದರೆ, "ನುಂಗ, ನುಂಗ, ಬುದ್ಧಿ ಬಲೀತೈತಿ" ಎನ್ನುವಳು. ನಾನು ನುಂಗುತ್ತಿದ್ದೆ. ನಿಜ ಹೇಳಬೇಕೆಂದರೆ, ದಿನಾ ಮುಂಜಾನೆ ಎದ್ದು ಹತ್ತಕ್ಕೆ ಬಂದೆನೇ ಎಂದು ಒಳಗೊಳಗೆ ತಡವಿ ನೋಡಿಕೊಳ್ಳುತ್ತಲೂ ಇದ್ದೆ.

ನಗು ಬರುತ್ತದೆಯಲ್ಲ? ನನಗೆ ಆಗ ಬಂದಿರಲಿಲ್ಲ. ನಾಚಿಕೆ ಎನ್ನುವುದು ಮೈಗೆ ಅಂಟಿದ ಹತ್ತಿಯ ಹಾಗೆ. ಕೊಡವಿದಷ್ಟೂ ಇನ್ನೊಂದು ಕಡೆ ಕೂರುತ್ತದೆ. ಯಾರೂ ನನ್ನನ್ನು ನೋಡದಿದ್ದಾಗಲೂ ನೋಡುತ್ತಿದ್ದಾರೆ ಅನಿಸುತ್ತಿತ್ತು. ಎರಡು ದಿನ ಹೊಟ್ಟೆನೋವೆಂದು ಶಾಲೆ ತಪ್ಪಿಸಿದೆ. ಅಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ರವಿವಾರ ಮುಂಜಾನೆ ಚನ್ನಪ್ಪಗೌಡರು ನಮ್ಮ ಮನೆಗೆ ಬಂದರು. ಊರಿನ ದೊಡ್ಡ ಹೊಲಮನೆಯವರು. ಅವರ ಮೊಮ್ಮಗ ನನ್ನ ಇಯತ್ತೆಯವನು, ಅವನ ಬುದ್ಧಿಗೆ ಹದಿನಾಲ್ಕು ಬಂದಿತ್ತು. ಆ ಖುಷಿಗೆ ಕಾಕಾನಿಗೆ ಹಸಿಕಡಲೆಯ ಗಿಡಗಳ ಒಂದು ಹೊರೆಯನ್ನೇ ಹೊರಿಸಿಕೊಂಡು ಬಂದಿದ್ದರು. ಜೊತೆಗೆ ಓಣಿಯ ಮೂರು ನಾಲ್ಕು ಜನ. ಕಟ್ಟೆಯ ಮೇಲೆ ಕುಳಿತು ಎಲ್ಲರೂ ಕಡಲೆ ಸುಲಿಯುತ್ತಿರುವಾಗ ಗೌಡರು ಅಪ್ಪನಿಗೆ ಸಮಾಧಾನ ಹೇಳಿದರು.

"ಮಾಸ್ತರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಎಲ್ಲಾರ ಮನ್ಯಾಗೂ ಒಂದು ಹಿಂಗ ಇರ್ತೈತಿ."

ಅಪ್ಪ ಕಾಳು ಬಿಡಿಸುತ್ತಿದ್ದ.

"ಹೆಣ್ಣ ಹುಡುಗಿ. ಏಳನೇತ್ತಾಕ್ಕ ಸಾಲಿ ಬಿಡಿಸಿಬಿಡ್ರಿ, ಮುಗೀತು. ಮುಂದ ನವಲಗುಂದಕ್ಕ ಬಸ್ಸಿನ್ಯಾಗ ಕಳಸೂದು, ಅಕಿಗೂ ತ್ರಾಸು, ನಿಮಗೂ ತ್ರಾಸು. ರೊಟ್ಟಿ ಬಡ್ಯಾಕ ಬುದ್ಧಿ ಏನ ಬೇಕ್ರಿ?"

ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಿಂತಿತು. ಬಾಗಿಲ ಹಿಂದೆ ನಿಂತಿದ್ದ ನನಗೆ ಅದು ನಿಂತದ್ದು ಗೊತ್ತಾಯಿತು. ಅಪ್ಪನಿಗೂ ಗೊತ್ತಾಗಿರಬೇಕು. ಅವನು ಕೈ ಕೊಡವಿಕೊಂಡು, "ಬಸ್ಯಾ, ಆ ಪತ್ರಿಕಿ ಒಂದು ತಾ. ನಾನೂ ಬರೀತೀನಿ" ಎಂದ.

ಕಾಕಾ ಗಾಬರಿಯಾದ. "ಅಣ್ಣಾ, ಅದು ಸಣ್ಣ ಹುಡುಗರಿಗೆ ಮಾಡಿದ್ದು."

"ಹಂಗಾರ ಸರಳ ಆತಲ್ಲ. ತಾ. ಅದೊಂದು ಗಡಿಯಾರನೂ ತಾ."

ಅಪ್ಪನ ಲೆಕ್ಕ ನನಗೆ ಆಗಲೇ ಅರ್ಥವಾಯಿತು. ತಾನು ಬರೆದು ತೋರಿಸಿದರೆ, ಮಾಸ್ತರರ ರಕ್ತದಲ್ಲಿ ಬುದ್ಧಿಗೆ ಕೊರತೆಯಿಲ್ಲ ಎಂದು ಊರಿಗೆ ತಿಳಿಯುತ್ತದೆ. ಮಗಳ ಒಂಬತ್ತು ಎಲ್ಲೋ ಆದ ಕೈತಪ್ಪು ಎನಿಸುತ್ತದೆ. ಗೆಲ್ಲುವ ಕುಸ್ತಿ ನೋಡುವ ಹಾಗೆ ಬಾಗಿಲ ಹಿಂದಿನಿಂದ ಹೊರಗೇ ಬಂದು ನಿಂತೆ.

ಅಪ್ಪ ಓದುವ ಚಾಳೀಸು ಮೂಗಿಗೆ ಏರಿಸಿದ. ಪಟ್ಟಿ ತರಿಸಿಕೊಂಡು ಅಂಚಿನ ಗೆರೆ ಎಳೆದ. ಮೇಲೆ ನಡುವೆ 'ಶ್ರೀ' ಬರೆದ. ಅದನ್ನು ನೋಡಿದ ಕೂಡಲೇ ನನ್ನ ಜೀವ ಧಸಕ್ಕೆಂದಿತು. ಮೊದಲನೆಯ ಪ್ರಶ್ನೆಯನ್ನು ಬಾಯಲ್ಲಿ ಎರಡು ಸಲ ಓದಿಕೊಂಡ. ಆಮೇಲೆ ಕಿಸೆಯಿಂದ ಕೆಂಪು ಪೆನ್ನು ತೆಗೆದ. ಪ್ರಶ್ನೆಯಲ್ಲಿಯೇ ಒಂದು ಒತ್ತಕ್ಷರ ತಪ್ಪಾಗಿತ್ತು. ಅದನ್ನು ತಿದ್ದಿದ. ಎರಡನೆಯದರಲ್ಲಿ ಪೂರ್ಣವಿರಾಮ ಇರಲಿಲ್ಲ, ಇಟ್ಟ. ಹಾಗೆ ತಿದ್ದುತ್ತ, ಓದುತ್ತ, ಉತ್ತರ ಬರೆಯುತ್ತ, ಬರೆದದ್ದನ್ನು ವಾರೆಗಣ್ಣಿನಿಂದ ನೋಡುತ್ತ ಹೋದ. ಕಾಕಾ ಗಡಿಯಾರ ಹಿಡಿದು ನಿಂತಿದ್ದ. "ಅಣ್ಣಾ, ಒಂದಿಷ್ಟು ಜಲ್ದಿ..." ಎಂದ. ಅಪ್ಪ ತಲೆಯೆತ್ತದೆ, "ಅವಸರ ಯಾಕಪಾ?" ಎಂದ. ಕಾಕಾ ಗುಂಡಿ ಒತ್ತಬೇಕಾದ ಹೊತ್ತು ದಾಟಿ ಇನ್ನಷ್ಟು ಹೊತ್ತು ತಡೆದನೆಂದು ನನಗೆ ಈಗಲೂ ಅನುಮಾನ. ಆದರೂ ಅರ್ಧ ಹಾಳೆ ಉಳಿಯಿತು.

ಕಾಕಾ ಹಾಳೆ ಹಿಡಿದು ಒಳಗೆ ಹೋದ. ನಾನು ಬೆನ್ನ ಹಿಂದೆಯೇ ಹೋದೆ. ಒಲೆಯ ಮುಂದೆ ಕುಳಿತ ಅವ್ವನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಅಂಕ ಹಾಕಿದ. ಅವನ ಮುಖ ಬಿಳಿಚಿತು.

"ವೈನಿ, ಈಗ ನಾ ಏನ ಹೇಳ್ಲಿ?"

"ಎಷ್ಟೈತಿ?"

ಅವನು ಹೇಳಿದ. ಅವ್ವ ಒಲೆಯೊಳಗೆ ಕಟ್ಟಿಗೆ ನೂಕಿದಳು. "ಇದ್ದದ್ದು ಹೇಳು" ಎಂದಳು. "ನೀ ಸುಳ್ಳ ಹೇಳಿದ್ರ ಅವ್ರಿಗೆ ಗೊತ್ತಾಗ್ತೈತಿ. ನಿನಗ ಮಾತ ಕಲಿಸಿದವ್ರ ಅವ್ರು."

ಹೊರಗೆ ಬಂದ ಕಾಕಾ, "ಆಮ್ಯಾಲೆ ಹೇಳ್ತೀನಿ ಅಣ್ಣಾ" ಎಂದ.

"ಅಕಿದನ್ನ ಮಂದಿ ಮುಂದ ಹೇಳೀ. ನಂದೂ ಮಂದಿ ಮುಂದ ಹೇಳು."

ಕಾಕಾ ಯಾರ ಮುಖವನ್ನೂ ನೋಡದೆ, "ಹತ್ತೂವರಿ" ಎಂದ.

ಕಡಲೆ ಸುಲಿಯುವ ಕೈಗಳೆಲ್ಲ ನಿಂತವು. ಮೊದಲು ನಕ್ಕವರು ಯಾರೆಂದು ನೆನಪಿಲ್ಲ. ಒಬ್ಬರು, "ಮಾಸ್ತರ, ನಿಮ್ಮ ಸಾಲ್ಯಾಗ ಐದನೇತ್ತಾಕ್ಕ ನಿಮ್ಮ ಹೆಸರು ಹಚ್ಚಿಬಿಡ್ರಿ" ಎಂದರು. ಎಲ್ಲರೂ ನಕ್ಕರು. ಗೌಡರೂ ನಕ್ಕರು, ಅವರ ನಗುವಿನಲ್ಲಿ ಕೆಡುಕಿರಲಿಲ್ಲ. ಅಪ್ಪನೂ ನಕ್ಕ. ನಗುತ್ತಲೇ ಕೆಂಪು ಪೆನ್ನಿನ ಟೋಪಿ ಹಾಕಲು ನೋಡಿದ, ಅದು ಕೂರಲಿಲ್ಲ. ಮತ್ತೆ ಹಾಕಿದ, ಮತ್ತೆ ಕೂರಲಿಲ್ಲ. ಅವನ ಕಿವಿ ಕೆಂಪಾಗಿದ್ದವು.

ನನ್ನ ಒಂಬತ್ತನ್ನು ನಾನು ಹೇಗೋ ನುಂಗಿದ್ದೆ. ಅಪ್ಪನ ಹತ್ತೂವರೆ ಇವತ್ತಿಗೂ ಗಂಟಲಿನಿಂದ ಕೆಳಗೆ ಇಳಿದಿಲ್ಲ. ನನಗೆ ಆಸರೆಯಾಗಲು ಹೋಗಿ ಅವನು ಇಡೀ ಊರಿನ ಮುಂದೆ ಸಣ್ಣವನಾದ. ನಾನು ಸುರೇಶನ ಮುಖ ನೋಡುತ್ತ ಕೂರದೆ, ಮಸುಕು ಗೆರೆ ದಪ್ಪ ಮಾಡದೆ, ಇನ್ನು ನಾಲ್ಕು ಉತ್ತರ ಬರೆದಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎಂದುಕೊಂಡು ಹಿತ್ತಲಿನಲ್ಲಿ ಜೋಳ ತುಂಬಿಡುವ ಹಗೇವಿನ ಮೇಲೆ ಸಂಜೆಯವರೆಗೆ ಕುಳಿತಿದ್ದೆ.

ಕಾಕಾ ಮರುದಿನ ಮೊದಲ ಬಸ್ಸಿಗೆ ಹೊರಟ. ಹೊರಡುವಾಗ ಅಪ್ಪನ ಕಾಲು ಮುಟ್ಟಿದ. ಅಪ್ಪ, "ಪ್ರಬಂಧದಾಗ ನಂದು ಸೇರಿಸಬ್ಯಾಡ. ನಿನ್ನ ಸರಾಸರಿ ಕೆಡ್ತೈತಿ" ಎಂದು ಬೆನ್ನು ತಟ್ಟಿದ. ಕಾಕಾ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು ಪಾಸಾದ. ಆದರೆ ಆ ವರ್ಷ ಯುಗಾದಿಗೆ ಮನೆಗೆ ಬರಲಿಲ್ಲ.

ಅಪ್ಪ ಎಂದಿನಂತೆ ಶಾಲೆಗೆ ಹೋದ. ಎಂದಿನಂತೆ ಬರೆದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಆದರೆ ಹಾಗೆ ಹಿಂದೆ ಸರಿದಾಗ ಹುಡುಗರ ಕಡೆ ಬೆನ್ನು ಮಾಡಿ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ಒಂದು ಮುಂಜಾನೆ ನಾವಿಬ್ಬರೂ ಹೋಗುವಾಗ ಶಾಲೆಯ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ 'ಹತ್ತುವರಿ ಮಾಸ್ತರ' ಎಂದು ಬರೆದಿದ್ದರು. ನಾನು ಓಡಿಹೋಗಿ ಅಂಗೈಯಿಂದ ಉಜ್ಜತೊಡಗಿದೆ. ಅಪ್ಪ ನನ್ನ ಕೈ ಹಿಡಿದು ಬಾಜೂಕ್ಕೆ ಸರಿಸಿದ. ಬಗ್ಗಿ ಇದ್ದಿಲಿನ ಚೂರು ಎತ್ತಿಕೊಂಡು 'ತ್ತು'ವಿನ ಕೊಂಬನ್ನು ದೀರ್ಘ ಮಾಡಿದ. "ಬರದ್ರ ನೆಟ್ಟಗರ ಬರೀಬೇಕು" ಎಂದು ಒಳಗೆ ಹೋದ. ಅಳಿಸಲಿಲ್ಲ. ಹುಡುಗರು ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರೇ ಯಾರೋ ಅದರ ಮೇಲೆ ಸಗಣಿ ಬಳಿದಿದ್ದರು.

ಬೇಸಿಗೆಯಲ್ಲಿ ಅಪ್ಪ ತಾನಾಗಿ ಕೇಳಿಕೊಂಡು ಮಿಶ್ರಿಕೋಟಿಯ ಕಡೆಗೆ ವರ್ಗ ಮಾಡಿಸಿಕೊಂಡ. "ಅಲ್ಲೆ ನೀರು ಚಲೋ. ನಿಮ್ಮವ್ವಗ ಕೆರಿ ನೀರು ಹೊರೂದು ತಪ್ಪತೈತಿ" ಎಂದ. ಅವ್ವ ಹೌದೆಂದಳು. ಆಯಿ ಗೊಣಗಿದಳು. ನಾನು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತ ತಲೆ ಎತ್ತಲಿಲ್ಲ. ಅವನು ನೀರಿಗಾಗಿ ಊರು ಬಿಡುತ್ತಿಲ್ಲ ಎಂದು ತಿಳಿಯಲು ಒಂಬತ್ತು ವರ್ಷದ ಬುದ್ಧಿ ಸಾಕಾಗಿತ್ತು.

ಮಿಶ್ರಿಕೋಟಿಯಲ್ಲಿ ಮಣ್ಣು ಕೆಂಪು, ಹೊಲದಲ್ಲಿ ಭತ್ತದ ಸಸಿ, ಚಪ್ಪಲಿಗೆ ಏನೂ ಮೆತ್ತುತ್ತಿರಲಿಲ್ಲ. ಯಾರಿಗೂ ನಮ್ಮ ಅಂಕ ಗೊತ್ತಿರಲಿಲ್ಲ. ಜೂನ್‌ನಲ್ಲಿ ಎಂಟನೇ ಇಯತ್ತೆಗೆ ಹೆಸರು ಹಚ್ಚಲು ಅಪ್ಪ ನನ್ನನ್ನು ಹೈಸ್ಕೂಲಿಗೆ ಕರೆದುಕೊಂಡು ಹೋದ. ಅಲ್ಲಿಯ ಹೆಡ್‌ಮಾಸ್ತರರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಎರಡು ವರ್ಗ ಅದಾವ್ರಿ ಮಾಸ್ತರ. ಶಾಣ್ಯಾರನ್ನೆಲ್ಲ 'ಅ' ವರ್ಗಕ್ಕ ಹಾಕ್ತೀವಿ. ಹುಡುಗಿ ಶಾಣ್ಯಾಕಿ ಅದಾಳೇನ್ರಿ?" ಎಂದರು.

ನಾನು ನನ್ನ ಹೆಬ್ಬೆರಳು ನೋಡುತ್ತ ನಿಂತೆ. ಅಪ್ಪ ಚಾಳೀಸು ಸರಿಪಡಿಸಿಕೊಂಡ.

"ನನ್ನಷ್ಟ ಶಾಣ್ಯಾಕಿ ಅದಾಳ್ರಿ" ಎಂದ.

"ಮಾಸ್ತರ ಮಗಳು, ಮತ್ತ ಕೇಳೂದೇನೈತಿ!" ಎಂದು ಅವರು ನಕ್ಕು, ನನ್ನ ಹೆಸರನ್ನು 'ಅ' ವರ್ಗಕ್ಕೆ ಬರೆದುಕೊಂಡರು.

ಹೊರಗೆ ಬಂದು ಮಾವಿನ ಗಿಡದ ನೆರಳಿನವರೆಗೆ ನಡೆದೆವು. ಅಲ್ಲಿ ಅಪ್ಪ ನಿಂತು, ಯಾರಾದರೂ ಇದ್ದಾರೆಯೇ ಎಂದು ಹಿಂದೆ ಮುಂದೆ ನೋಡಿ, "ಸುಳ್ಳಂತೂ ಹೇಳಲಿಲ್ಲ ನಾ" ಎಂದ.

ಆ ರವಿವಾರದ ನಂತರ ನಮ್ಮಿಬ್ಬರ ನಡುವೆ ಆ ವಿಷಯ ಬಂದಿರಲೇ ಇಲ್ಲ. ನನಗೆ ಎಲ್ಲಿಂದ ಧೈರ್ಯ ಬಂತೋ, "ಸುಳ್ಳ ಹೇಳೀ ಅಪ್ಪಾ. ನಂದು ಒಂದೂವರಿ ವರ್ಷ ಹೆಚ್ಚ ಹೇಳೀ" ಎಂದುಬಿಟ್ಟೆ.

ಅಪ್ಪ ಮೊದಲು ನನ್ನ ಮುಖ ನೋಡಿದ. ಆಮೇಲೆ ನಗತೊಡಗಿದ, ಚಾಳೀಸು ತೆಗೆದು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕ. ಒರೆಸಿಕೊಂಡದ್ದು ಬಹಳ ಹೊತ್ತು ನಡೆಯಿತು. ಚಾಳೀಸು ಮತ್ತೆ ಏರಿಸಿಕೊಂಡು, ಊರಿನ ಕಡೆ ಹೆಜ್ಜೆ ಹಾಕುತ್ತ, "ಈ ಊರಾಗ ಯಾರ ಮುಂದೂ ಹೇಳಬ್ಯಾಡ ಮತ್ತ" ಎಂದ.

ಹೇಳಿರಲಿಲ್ಲ. ಅಲ್ಲಿಂದಾಚೆ ನಾನಿದ್ದ ಯಾವ ಊರಲ್ಲೂ, ಯಾರ ಮುಂದೆಯೂ. ಇವತ್ತು ನಿಮ್ಮ ಮುಂದೆ ಹೇಳಿದೆ.